ಮೇಷ್ಟ್ರು ಬೀಳುವ ರೀಲು

“ಆ ಡಬ್ಬಗಳು ಈ ಮನೆಯಿಂದ ಆಚೆ ಹೋಗ್ಬೇಕು, ಇಲ್ಲಾ ನೀನು ಹೋಗ್ಬೇಕು! ಎರಡೂ ಹೋದ್ರೆ ಇನ್ನೂ ಒಳ್ಳೇದು!”

“ಮಾವ, ಸ್ವಲ್ಪ ಮೆತ್ತಗೆ. ಎದುರುಗಡೆ ಕ್ಷೌರದಂಗಡಿಯವನು ಕೇಳಿಸ್ಕೋತಾನೆ.”

“ಕೇಳಿಸ್ಕೊಳ್ಳಲಿ! ಅವನ ಮೂಗಿಗೇನು ಬೀಗ ಹಾಕಿದ್ಯಾ? ಬೀದಿಗೆಲ್ಲಾ ಹುಳಿ ನಾತ ಹೊಡೀತಿದೆ. ಮುರಿದ ಕುರ್ಚಿ ತಂದೆ, ಸುಮ್ನಿದ್ದೆ. ಕಾಲಿಲ್ಲದ ಸ್ಟೂಲು ತಂದೆ, ಸುಮ್ನಿದ್ದೆ. ಈಗ ಕೊಳೆತ ಸಿನಿಮಾ ತಂದಿದ್ದೀಯ. ನಾಳೆ ಏನು ತರ್ತೀಯೋ, ಹೆಣಾನಾ?”

ಹೀಗೆ ಕೂಗಿದವರು ನಿವೃತ್ತ ಹೆಡ್ಮಾಸ್ತರು. ನಿವೃತ್ತಿ ಎಂಬುದು ಕಾಗದದ ಮೇಲಿನ ಮಾತು. ಅವರ ಗಂಟಲಿಗೆ ಆ ಆದೇಶ ಇನ್ನೂ ತಲುಪಿರಲಿಲ್ಲ. ಕೂಗಿಸಿಕೊಂಡವನು ಅವರ ಅಳಿಯ. ಮುರಿದ ಕುರ್ಚಿಗಳಿಗೆ ಬೆತ್ತ ಹೆಣೆದು ಕೊಡುವುದು ಅವನ ಕಸುಬು. ಬೀದಿಯವರು ಅವನನ್ನು ಚೇರ್ಮನ್ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟಿತ್ತೆಂದರೆ, ಕರೆದವರು ಕರೆದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಹೆಂಡತಿಯ ಮನೆಯಲ್ಲೇ ವಾಸ, ಹೆಂಡತಿಯ ಮನೆಯ ನಡುಮನೆಯಲ್ಲೇ ಕಾರ್ಖಾನೆ. ಆ ಮನೆಯಲ್ಲಿ ತಳವಿರುವ ಕುರ್ಚಿಗಿಂತ ತಳವಿಲ್ಲದ ಕುರ್ಚಿಗಳೇ ಹೆಚ್ಚು.

ಜಗಳಕ್ಕೆ ಕಾರಣ ಆರು ತಗಡಿನ ಡಬ್ಬಗಳು. ಊರಿನ ಹಳೆಯ ಟಾಕೀಸನ್ನು ಕೆಡವುವಾಗ ಅಳಿಯ ಅಲ್ಲಿನ ಕುರ್ಚಿಗಳನ್ನು ಗಾಡಿಗಟ್ಟಲೆ ಹೇರಿಕೊಂಡು ಬಂದಿದ್ದ. ಇಳಿಸುವಾಗ ಕುರ್ಚಿಗಳ ಸಂದಿಯಿಂದ ಈ ಡಬ್ಬಗಳು ಉರುಳಿದವು. ಒಂದರ ಮುಚ್ಚಳ ತೆಗೆದ. ಒಳಗೆ ಸುರುಳಿ ಸುತ್ತಿದ ಸಿನಿಮಾ ರೀಲು, ಜೊತೆಗೆ ಮೂಗು ಕಿತ್ತುಹೋಗುವ ಹುಳಿ ವಾಸನೆ. ಹಳೆಯ ಫಿಲ್ಮು ಕೆಟ್ಟರೆ ಹಾಗೇ ನಾರುತ್ತದಂತೆ. ಬುದ್ಧಿವಂತನಾಗಿದ್ದರೆ ಮುಚ್ಚಳ ಮುಚ್ಚಿ ಗುಜರಿಗೆ ಹಾಕುತ್ತಿದ್ದ. ಆದರೆ ಮಾವ ಬಿಸಾಕು ಎಂದುಬಿಟ್ಟರಲ್ಲ, ಅಲ್ಲಿಗೆ ಅವನಿಗೆ ಆ ಡಬ್ಬಗಳ ಮೇಲೆ ಎಲ್ಲಿಲ್ಲದ ಮಮತೆ ಹುಟ್ಟಿತು.

“ಬಿಸಾಕೋಕಾಗಲ್ಲ ಮಾವ,” ಎಂದ. “ಅದು ನಮ್ಮಪ್ಪನ ನೆನಪು.”

“ನಿಮ್ಮಪ್ಪನ ನೆನಪು ಇಷ್ಟು ನಾರುತ್ತಾ?”

“ನಮ್ಮಪ್ಪ ಆ ಟಾಕೀಸಿನಲ್ಲಿ ಆಪರೇಟರ್ ಆಗಿದ್ರು. ಈ ಸಿನಿಮಾ ಓಡಿಸಿದ್ದು ಅವರೇ. ಹರಿದಾಗಲೆಲ್ಲ ಕೈಯಾರೆ ಅಂಟಿಸಿದ್ದೂ ಅವರೇ.”

ಬಾಯಿಂದ ಬಂದ ಮೇಲೆ ಅವನಿಗೇ ಗಾಬರಿಯಾಯಿತು. ಅವನಪ್ಪ ಕಾಯುತ್ತಿದ್ದುದು ಆ ಟಾಕೀಸಿನ ಮುಂದಿನ ಸೈಕಲ್ ಸ್ಟ್ಯಾಂಡನ್ನು. ಬದುಕಿನುದ್ದಕ್ಕೂ ಆ ಮನುಷ್ಯ ಟಾಕೀಸಿನ ಒಳಗೆ ಕಾಲಿಟ್ಟವನಲ್ಲ. ಗೋಡೆಯಾಚೆಯಿಂದ ಕೇಳಿಬರುವ ನಗು ಕೇಳಿಯೇ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಹೇಳುತ್ತಿದ್ದ, ಅಷ್ಟೇ.

ಆಗ ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. ಡಬ್ಬದಿಂದ ಒಂದು ಮೊಳ ಫಿಲ್ಮು ಎಳೆದು ಕಿಟಕಿಯ ಬೆಳಕಿಗೆ ಹಿಡಿದರು. “ಇದು ಉದ್ದಕಾಲಿನ ಮೇಷ್ಟ್ರ ಸಿನಿಮಾ. ಇದನ್ನ ಅಂಟಿಸಿದ್ದು ನಾನು,” ಎಂದರು.

“ನೀನು ಹೋಗಿ ಟೀ ಮಾಡು,” ಎಂದರು ಹೆಡ್ಮಾಸ್ತರು.

ಆಮೇಲೆ ನಡೆದದ್ದು ಅಳಿಯನಿಗೆ ಪವಾಡದಂತೆ ಕಂಡಿತು. ಹೆಡ್ಮಾಸ್ತರ ಗಂಟಲು ಇದ್ದಕ್ಕಿದ್ದಂತೆ ತಗ್ಗಿತು. “ಬೀಗರು ಆಪರೇಟರ್ ಆಗಿದ್ರಾ? ಹೂಂ, ಇದ್ರು ಇದ್ರು. ನನಗೆ ಈಗ ನೆನಪಾಗ್ತಿದೆ. ದೊಡ್ಡ ಮನುಷ್ಯರು. ಇರಲಿ ಬಿಡಪ್ಪ, ಡಬ್ಬ ಇರಲಿ.”

ತನ್ನ ಸುಳ್ಳಿಗೆ ಇಷ್ಟು ಶಕ್ತಿಯಿದೆಯೆಂದು ಅಳಿಯ ಎದೆಯುಬ್ಬಿಸಿದ. ಪಾಪ, ಅವನಿಗೆ ಒಳಗಿನ ಕಥೆ ಗೊತ್ತಿರಲಿಲ್ಲ. ಆ ಟಾಕೀಸಿನ ನಿಜವಾದ ಆಪರೇಟರ್ ಅತ್ತೆಯ ಸೋದರಮಾವ. ಮದುವೆಗೆ ಮುಂಚೆ ಅತ್ತೆ ಅವನ ಜೊತೆ ಮೇಲಿನ ಕ್ಯಾಬಿನ್ನಿನಲ್ಲಿ ಕೂತು ಹರಿದ ಫಿಲ್ಮು ಅಂಟಿಸುತ್ತಿದ್ದರು. ಹೆಡ್ಮಾಸ್ತರು ತಾಳಿ ಕಟ್ಟುವ ಮೊದಲೇ ಹಾಕಿದ ಷರತ್ತು ಒಂದೇ: ಮೇಷ್ಟ್ರ ಹೆಂಡತಿ ಟಾಕೀಸಿನಲ್ಲಿ ಕೆಲಸ ಮಾಡಿದ್ದಳು ಎಂದು ನರಪಿಳ್ಳೆಗೂ ಗೊತ್ತಾಗಬಾರದು. ಅದನ್ನು ಅಷ್ಟು ವರ್ಷ ಮುಚ್ಚಿಟ್ಟವರು, ಸತ್ತುಹೋದ ಬೀಗನೊಬ್ಬ ಆಪರೇಟರ್ ಆಗಲು ಮುಂದೆ ಬಂದರೆ ಬೇಡ ಎನ್ನುತ್ತಾರೆಯೇ? ಇಬ್ಬರು ಗಂಡಸರು, ಒಂದೇ ಸುಳ್ಳು, ಕಾರಣ ಮಾತ್ರ ಬೇರೆ ಬೇರೆ. ಒಂದು ಮನೆ ನೆಮ್ಮದಿಯಾಗಿರಲು ಇದಕ್ಕಿಂತ ಗಟ್ಟಿಯಾದ ತಳಪಾಯ ಬೇಕೇ!

ಕ್ಷೌರಿಕನ ಕಿವಿಗೆ ಬಿದ್ದದ್ದು ಬೀದಿಗೆ ಬಿತ್ತು. ಬೀದಿಯ ಮೂಲೆಯ ಫೋಟೋ ಸ್ಟುಡಿಯೋದವನು ಡಬ್ಬಗಳ ಪಟ ತೆಗೆದು ಹಳೆಯ ಸಿನಿಮಾಗಳನ್ನು ಕೂಡಿಡುವ ಕಚೇರಿಗೆ ಕಳಿಸಿದ. ಯಾರೂ ಉತ್ತರ ಕೊಡುವುದಿಲ್ಲ ಎಂದೇ ಕಳಿಸಿದ್ದ. ಆದರೆ ಆ ಕಚೇರಿಯವರಿಗೆ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ. ವಾರ ಕಳೆಯುವುದರೊಳಗೆ ಒಬ್ಬ ಅಧಿಕಾರಿ ಗಾಡಿಯಿಂದ ಇಳಿದೇಬಿಟ್ಟ.

ಆಳು ಗಾತ್ರದಲ್ಲಿ ಬೀರುವಿನಷ್ಟಿದ್ದ. ಮಾತು ಮಾತ್ರ ಪಿಸುಮಾತು. ಕೈಗೆ ಬಿಳಿಯ ಕೈಗವಸು ಹಾಕಿಕೊಂಡು ರೀಲನ್ನು ಆಗತಾನೆ ಹುಟ್ಟಿದ ಮಗುವಿನಂತೆ ಎತ್ತಿಕೊಂಡ. ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಫಿಲ್ಮಿನ ಅಂಚನ್ನು ಓದತೊಡಗಿದ. ಹೊಸಿಲಲ್ಲಿ ಕ್ಷೌರಿಕ, ಸ್ಟುಡಿಯೋದವನು, ಅವರ ಹಿಂದೆ ಅರ್ಧ ಬೀದಿ ಉಸಿರು ಬಿಗಿಹಿಡಿದು ನಿಂತಿತು.

“ಈ ಸಿನಿಮಾದ ಪ್ರಿಂಟುಗಳು ಅಲ್ಲಲ್ಲಿ ಇವೆ,” ಎಂದ ಅಧಿಕಾರಿ. “ಎಲ್ಲಾ ನಕಲಿನ ನಕಲು. ಇದು ಅವಕ್ಕಿಂತ ಹಳೇದು. ಇದು ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಅಂತ ಗೊತ್ತಾಗ್ಬೇಕು.”

“ನಮ್ಮಪ್ಪನ ಕೈಯಲ್ಲಿತ್ತು ಸಾರ್,” ಎಂದ ಅಳಿಯ.

“ಇಲ್ಲಿ ನೋಡಿ, ಅಂಟು ಹಾಕಿರೋ ಜಾಗ. ಕತ್ತರಿಸಿದ ಓರೆ ಉಲ್ಟಾ ದಿಕ್ಕಿಗೆ ಹೋಗಿದೆ. ಪ್ರತಿಯೊಂದು ಅಂಟೂ ಹೀಗೇ. ಇದು ಎಡಗೈಯವರ ಕೆಲಸ. ನಿಮ್ಮ ತಂದೆ ಎಡಚರಾ?”

ಅಳಿಯ ಮಾವನ ಮುಖ ನೋಡಿದ. ಮಾವ ಅಳಿಯನ ಮುಖ ನೋಡಿದರು.

“ಹೌದು ಹೌದು,” ಎಂದರು ಹೆಡ್ಮಾಸ್ತರು. “ಬೀಗರು ಎಲ್ಲಾ ಎಡಗೈಯಲ್ಲೇ. ಮಗನಿಗೆ ಹೊಡೀತಿದ್ದದ್ದೂ ಎಡಗೈಯಲ್ಲೇ.”

“ಬಲಗೆನ್ನೆಗೆ ಬೀಳೋದು ಸಾರ್,” ಎಂದು ಅಳಿಯ ಕೆನ್ನೆ ಸವರಿಕೊಂಡ.

“ನಾನೂ ಎಡಚಿನೇ,” ಎಂದರು ಅತ್ತೆ ಒಳಗಿನಿಂದ. “ಅಂಟಿಸಿದ್ದು ನಾನು ಅಂತ ಆಗಲೇ ಹೇಳಿದೆ.”

“ಇವಳಿಗೆ ಸ್ವಲ್ಪ ಕಿವಿ ಮಂದ,” ಎಂದು ಹೆಡ್ಮಾಸ್ತರು ಅಧಿಕಾರಿಗೆ ವಿವರಿಸಿದರು. “ನಾವು ಏನೋ ಅಂದ್ರೆ ಇವಳು ಏನೋ ಅಂತಾಳೆ.”

ಒಂದು ಡಬ್ಬವನ್ನು ಪರೀಕ್ಷೆಗೆಂದು ಕಂಕುಳಲ್ಲಿಟ್ಟುಕೊಂಡ ಅಧಿಕಾರಿ ಹೊರಡುವ ಮುಂಚೆ ಒಂದು ಮಾತು ಹೇಳಿದ. ಅದೇ ಎಡವಟ್ಟಾಯಿತು. “ಇದನ್ನ ಸರಿಪಡಿಸಿ ದೊಡ್ಡ ದೊಡ್ಡ ಊರಲ್ಲಿ ತೋರಿಸ್ತೀವಿ. ಈ ಎಡಗೈ ಯಾರದ್ದೋ ಅವರ ಹೆಸರು ಪರದೆ ಮೇಲೆ ಬರುತ್ತೆ. ಅವರ ಮನೆಯವರನ್ನ ಮುಂದಿನ ಸಾಲಲ್ಲಿ ಕೂರಿಸ್ತೀವಿ. ಎಲ್ಲಾ ಖಚಿತ ಮಾಡ್ಕೊಂಡು ಮತ್ತೆ ಬರ್ತೀನಿ.”

ಗಾಡಿ ಬೀದಿ ದಾಟಿತೋ ಇಲ್ಲವೋ, ಆ ಬೀದಿಯಲ್ಲಿ ಸತ್ತ ಹಿರಿಯರೆಲ್ಲ ಒಬ್ಬೊಬ್ಬರಾಗಿ ಟಾಕೀಸಿನ ಕೆಲಸಕ್ಕೆ ಸೇರತೊಡಗಿದರು. ಬೆಳಿಗ್ಗೆ ಕ್ಷೌರಿಕ ಹೇಳಿದ, ಅವನ ತಾತ ಆ ಕಾಲದ ಆಪರೇಟರನಿಗೆ ಕಟಿಂಗ್ ಮಾಡುತ್ತಿದ್ದನಂತೆ. ಮಧ್ಯಾಹ್ನಕ್ಕೆ ತಾತ ಕ್ಯಾಬಿನ್ನಿಗೆ ಹೋಗಿ ಕಟಿಂಗ್ ಮಾಡುತ್ತಿದ್ದ. ಸಂಜೆಯ ಹೊತ್ತಿಗೆ ಕಟಿಂಗು ಬಿಟ್ಟು ತಾತನೇ ಸಿನಿಮಾ ಓಡಿಸುತ್ತಿದ್ದ. ಸ್ಟುಡಿಯೋದವನು ಸುಮ್ಮನಿರುತ್ತಾನೆಯೇ? ಪಟ ಕಳಿಸಿದವನು ತಾನು, ಆಪರೇಟರ್ ಮಾತ್ರ ಬೇರೆಯವರ ಮನೆಯವನೋ? ಅವನ ದೊಡ್ಡಪ್ಪನೊಬ್ಬ ಎಡಗೈಯಲ್ಲಿ ಕಲ್ಲು ಹೊಡೆದು ಹಣ್ಣು ಉದುರಿಸುತ್ತಿದ್ದುದು ಅವನಿಗೆ ನೆನಪಾಯಿತು.

“ಎಡಗೈ ಅನ್ನೋದು ರಕ್ತದಲ್ಲೇ ಬರುತ್ತೆ,” ಎಂದು ಸ್ಟುಡಿಯೋದವನು ತೀರ್ಪು ಕೊಟ್ಟ. “ಮೊಮ್ಮಕ್ಕಳ ಕೈ ನೋಡಿದ್ರೆ ತಾತನ ಕೈ ಗೊತ್ತಾಗುತ್ತೆ. ಆಫೀಸರ್ ಬಂದಾಗ ಅದನ್ನೇ ನೋಡೋದು.”

ಮುಗಿಯಿತು. ಮಾರನೆಯ ದಿನದಿಂದ ಬೀದಿಗೆ ಬೀದಿಯೇ ಎಡಗೈಗೆ ತಿರುಗಿತು. ಸ್ಟುಡಿಯೋದವನು ಎಡಗೈಯಲ್ಲಿ ಕ್ಯಾಮೆರಾ ಹಿಡಿದು ಗಿರಾಕಿಗಳ ಹಣೆಯಿಂದ ಮೇಲೆ ಮಾತ್ರ ಪಟ ತೆಗೆದ. ಕ್ಷೌರಿಕ ಎಡಗೈಯಲ್ಲಿ ಕತ್ತಿ ಹಿಡಿದು ಅಂಚೆ ಕಚೇರಿಯ ಗುಮಾಸ್ತನಿಗೆ ಕ್ಷೌರ ಮಾಡಲು ಹೋದ. ಗುಮಾಸ್ತ ಬರುವಾಗ ಪೂರ್ತಿ ಮೀಸೆಯಿತ್ತು, ಹೋಗುವಾಗ ಅರ್ಧವಿತ್ತು.

“ಏನೋ ಇದು?” ಎಂದು ಗುಮಾಸ್ತ ಕನ್ನಡಿ ಮುಂದೆ ಚೀರಿದ.

“ನಮ್ಮ ತಾತನ ಕೈ ಸ್ವಾಮಿ,” ಎಂದ ಕ್ಷೌರಿಕ ಭಕ್ತಿಯಿಂದ.

“ನಿಮ್ಮ ತಾತನ ಹತ್ರಾನೇ ಕಳಿಸ್ತೀನಿ ನಿನ್ನ!”

ನಮ್ಮ ಚೇರ್ಮನ್ನನ ಪಾಡೂ ಅಷ್ಟೇ. ಎಡಗೈಯಲ್ಲಿ ಸುತ್ತಿಗೆ ಹಿಡಿದು ಮೊಳೆ ಹೊಡೆದ. ಪೆಟ್ಟೆಲ್ಲ ಬಲಗೈ ಹೆಬ್ಬೆರಳಿಗೆ ಬಿತ್ತು. ಎಡಗೈಯಲ್ಲಿ ಬೆತ್ತ ಹೆಣೆದ. ಕುರ್ಚಿಯ ತಳ ಹಕ್ಕಿಗೂಡಿನಂತೆ ಉಬ್ಬಿತು. ಗಿರಾಕಿಗಳು ಬಂದು ಉಗಿದು ಹೋದರು. ಹೆಂಡತಿ ಸಾಕಾಗಿ ಕೇಳಿದಳು:

“ಅಲ್ಲಾರೀ, ನಿಮ್ಮಪ್ಪ ಸೈಕಲ್ ಸ್ಟ್ಯಾಂಡಿನಲ್ಲಿ ಇದ್ರಲ್ವಾ? ಮದುವೆ ಮಾತುಕತೆಯಲ್ಲಿ ನೀವೇ ಹೇಳಿದ್ರಿ.”

“ಸೈಕಲ್ ಸ್ಟ್ಯಾಂಡು ಕೆಳಗೆ, ಕ್ಯಾಬಿನ್ನು ಮೇಲೆ,” ಎಂದ ಅಳಿಯ ಹೆಬ್ಬೆರಳು ಊದಿಕೊಳ್ಳುತ್ತಾ. “ಬಡ್ತಿ ಸಿಕ್ಕಿತ್ತು.”

“ಯಾವಾಗ?”

“ಮೊನ್ನೆ.”

ಅತ್ತೆ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ತಮಗಿದ್ದ ಎಡಗೈಯನ್ನು ಇಡೀ ಬೀದಿ ಕದ್ದುಕೊಂಡು ಓಡಾಡುತ್ತಿದೆ, ತಮ್ಮನ್ನು ಮಾತ್ರ ಕೇಳುವವರಿಲ್ಲ. “ಒಂದು ಸಲ ಆ ಆಫೀಸರನ ಮುಂದೆ ನನಗೆ ನೆಟ್ಟಗೆ ಮಾತಾಡೋಕೆ ಬಿಡಿ,” ಎಂದು ಗಂಡನನ್ನು ಕೇಳಿದರು.

“ಏನು ಮಾತಾಡ್ತೀಯ? ನೀನು ಕತ್ತಲೆ ಕ್ಯಾಬಿನ್ನಿನಲ್ಲಿ ಕೂತು ಬೀಡಿ ಸೇದೋರ ಮಧ್ಯೆ ಸಿನಿಮಾ ಅಂಟಿಸ್ತಿದ್ದೆ ಅಂತಾನಾ? ನನ್ನ ಹತ್ರ ಓದಿದೋರು ಇವತ್ತು ದೊಡ್ಡ ದೊಡ್ಡ ಹುದ್ದೆಯಲ್ಲಿದ್ದಾರೆ. ಅವರು ಪರದೆ ಮೇಲೆ ನಿನ್ನ ಹೆಸರು ನೋಡ್ಬೇಕಾ?”

“ನೋಡಲಿ. ನಿಮ್ಮ ಹೆಸರಂತೂ ಎಲ್ಲೂ ಬರಲ್ಲ.”

ಹೆಡ್ಮಾಸ್ತರು ಆ ದಿನ ಊಟ ಬಿಟ್ಟರು. ಅತ್ತೆ ಎರಡು ಪಾಲು ಊಟ ಮಾಡಿದರು.

ಅಧಿಕಾರಿ ಮತ್ತೆ ಬಂದಾಗ ಬೀದಿ ಸಿಂಗರಿಸಿಕೊಂಡು ನಿಂತಿತ್ತು. ಎಲ್ಲರ ಎಡಗೈಯೂ ಮುಂದೆ, ಕುಲುಕಲು ಸಿದ್ಧ. ಆದರೆ ಅಧಿಕಾರಿಯ ಮುಖ ಸಾವಿನ ಮನೆಯಿಂದ ಬಂದಂತಿತ್ತು. ನಡುಮನೆಗೆ ಬಂದು, ಒಯ್ದಿದ್ದ ಡಬ್ಬವನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದ.

“ದೊಡ್ಡ ಅನಾಹುತ ಆಗಿದೆ. ಈ ಸಿನಿಮಾದಲ್ಲಿ ಮೇಷ್ಟ್ರು ಮೆಟ್ಟಿಲಿಂದ ಬೀಳೋ ಒಂದು ದೃಶ್ಯ ಇತ್ತು. ಅದನ್ನ ನೋಡಿ ಜನ ಕುರ್ಚಿಯಿಂದ ಬಿದ್ದು ಹೊರಳಾಡ್ತಿದ್ರಂತೆ. ಬೇರೆ ಯಾವ ಪ್ರಿಂಟಿನಲ್ಲೂ ಅದು ಉಳಿದಿಲ್ಲ. ಇದರಲ್ಲಿ ಇರುತ್ತೆ ಅಂತ ನಂಬಿದ್ವಿ. ಇಲ್ಲ. ಯಾರೋ ಬೇಕೂಂತ್ಲೇ ಕತ್ತರಿಸಿ ತೆಗೆದಿದ್ದಾರೆ. ಅದೇ ಉಲ್ಟಾ ಓರೆ. ಅದೇ ಎಡಗೈ.”

ಹೊಸಿಲಲ್ಲಿ ಒಂದು ಸಣ್ಣ ಸಪ್ಪಳವಾಯಿತು. ಅಷ್ಟೂ ಎಡಗೈಗಳು ಜೇಬಿನೊಳಗೆ ಹೋದ ಸಪ್ಪಳ.

“ಅವನ ಹೆಸರು ಪರದೆ ಮೇಲೆ ಬಂದೇ ಬರುತ್ತೆ,” ಎಂದ ಅಧಿಕಾರಿ. “ಇಂಥವನು ಈ ದೃಶ್ಯವನ್ನ ಕೊಂದ ಅಂತ ಬರುತ್ತೆ. ತೋರಿಸಿದ ಊರಲ್ಲೆಲ್ಲಾ ಬರುತ್ತೆ.”

“ನಮ್ಮ ತಾತನಿಗೆ ಎಡಗೈಯೇ ಇರಲಿಲ್ಲ ಸ್ವಾಮಿ!” ಎಂದ ಕ್ಷೌರಿಕ ತಕ್ಷಣ.

“ನಮ್ಮ ದೊಡ್ಡಪ್ಪ ಸಿನಿಮಾನೇ ನೋಡ್ತಿರ್ಲಿಲ್ಲ,” ಎಂದ ಸ್ಟುಡಿಯೋದವನು. “ಕಣ್ಣು ಕಾಣ್ತಿರ್ಲಿಲ್ಲ.”

ಹೆಡ್ಮಾಸ್ತರು ಗಂಟಲು ಸರಿಮಾಡಿಕೊಂಡರು. ಅಳಿಯನ ಹೆಗಲ ಮೇಲೆ ಕೈ ಇಟ್ಟರು. ಮದುವೆಯಾದ ದಿನದಿಂದ ಅವರು ಅಳಿಯನನ್ನು ಮುಟ್ಟಿದ್ದು ಅದೇ ಮೊದಲು. “ಹೇಳೋಕೆ ನೋವಾಗುತ್ತೆ. ನಮ್ಮ ಬೀಗರು ಸ್ವಲ್ಪ ಒರಟು ಸ್ವಭಾವದೋರು. ಹಾಸ್ಯಪ್ರಜ್ಞೆ ಕಡಿಮೆ. ಕತ್ತರಿಸಿದ್ರೂ ಕತ್ತರಿಸಿರಬಹುದು. ಹೇಳಪ್ಪ, ಕತ್ತರಿಸಿದ್ದು ನಮ್ಮಪ್ಪ ಅಂತ ಒಪ್ಕೊಂಡುಬಿಡು. ಮನೆಯ ಮಾನ ಉಳಿಯುತ್ತೆ.”

“ಯಾರ ಮನೇದು ಮಾವ?”

“ಈ ಮನೇದು. ನೀನು ಇರೋ ಮನೇದು. ಇನ್ನು ಮುಂದೇನೂ ಇರ್ಬೇಕು ಅಂತಿದ್ರೆ.”

ಅಳಿಯ ಬಾಯಿ ತಪ್ಪಿ ಹೇಳಿದ ಒಂದು ಮಾತಿನಿಂದ ಅಪ್ಪನನ್ನು ಸೈಕಲ್ ಸ್ಟ್ಯಾಂಡಿನಿಂದ ಕ್ಯಾಬಿನ್ನಿಗೆ ಹತ್ತಿಸಿದ್ದ. ಈಗ ಅಲ್ಲಿಂದ ಊರೂರಿನ ಪರದೆಯ ಮೇಲೆ ಕಳ್ಳನಂತೆ ನಿಲ್ಲಿಸುವ ಕಾಲ ಬಂದಿತ್ತು. ಇಲ್ಲ ಎಂದರೆ ಮನೆಯಿಲ್ಲ; ಹೌದು ಎಂದರೆ ಅಪ್ಪನಿಲ್ಲ.

“ಮಾತಾಡ್ರೀ!” ಎಂದಳು ಹೆಂಡತಿ.

“ನಮ್ಮಪ್ಪ ಎಡಚರೇ ಸಾರ್... ಅಂದ್ರೆ ಅಲ್ಲ. ಎಡಗೈ ಇತ್ತು, ಅದು ಬಲಗೈ ಥರಾನೇ ಇತ್ತು... ಹೊಡೀತಾನೂ ಇರ್ಲಿಲ್ಲ ಸಾರ್, ಬೈತಿದ್ರು ಅಷ್ಟೇ...” ಅವನು ಕುರ್ಚಿಯ ಕಾಲೊಂದನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿದ. “ನಮ್ಮಪ್ಪ ಸೈಕಲ್ ಕಾಯ್ತಿದ್ರು ಸಾರ್! ಒಂದು ದಿನಾನೂ ಒಳಗೆ ಹೋದೋರಲ್ಲ. ಗೋಡೆಗೆ ಕಿವಿ ಕೊಟ್ಟು ನಗು ಕೇಳ್ತಿದ್ರು. ಅವರು ಯಾಕೆ ಕತ್ತರಿಸ್ತಾರೆ? ಮೇಷ್ಟ್ರು ಬೀಳೋ ಹೊತ್ತಿಗೆ ಗೋಡೆ ನಡುಗುತ್ತೆ ಅಂತ ಮನೇಲಿ ಬಂದು ಹೇಳೋರು. ಆಮೇಲೆ ಒಂದು ದಿನ ಗೋಡೆ ಸುಮ್ಮನಾಗಿಹೋಯ್ತು ಅಂತ ಬೇಜಾರು ಮಾಡ್ಕೊಂಡಿದ್ರು.”

“ದ್ರೋಹಿ!” ಎಂದರು ಹೆಡ್ಮಾಸ್ತರು. “ಸುಳ್ಳು ಹೇಳಿ ನನಗೆ ಮೋಸ ಮಾಡಿದ್ಯಾ?”

“ಗೋಡೆ ಸುಮ್ಮನಾಗಿದ್ದು ನನ್ನಿಂದ,” ಎಂದು ಅತ್ತೆ ನಡುವೆ ಬಂದು ನಿಂತರು. “ಕತ್ತರಿಸಿದ್ದು ನಾನು. ಎಷ್ಟು ಸಲ ಹೇಳ್ಬೇಕು ಈ ಮನೇಲಿ? ಎಲ್ಲರೂ ಕಿವೀಲಿ ಬೆತ್ತ ತುಂಬ್ಕೊಂಡಿದ್ದೀರಾ?” ಮೇಜಿನ ಮೇಲಿದ್ದ ಕತ್ತರಿಯನ್ನು ಎಡಗೈಯಲ್ಲಿ ಎತ್ತಿ, ಬೆತ್ತದ ಎಳೆಯೊಂದನ್ನು ಕಚಕ್ಕನೆ ಕತ್ತರಿಸಿ ಅಧಿಕಾರಿಯ ಮೂಗಿನ ಕೆಳಗೆ ಹಿಡಿದರು. ಓರೆ ಉಲ್ಟಾ ಇತ್ತು.

ಅಧಿಕಾರಿ ಭೂತಗನ್ನಡಿ ಹಾಕಿ ಬೆತ್ತ ನೋಡಿದ, ಅತ್ತೆಯನ್ನು ನೋಡಿದ. “ಯಾಕಮ್ಮಾ? ಯಾಕೆ ಕತ್ತರಿಸಿದ್ರಿ?”

“ಇವರನ್ನ ಕೇಳಿ. ಆಗ ನನ್ನನ್ನ ನೋಡ್ಕೊಂಡು ಹೋಗಿದ್ರು, ಮದುವೆ ಗೊತ್ತಾಗಿತ್ತು. ಆ ಸಿನಿಮಾ ಬಂದ ಮೇಲೆ ಇವರ ಇಸ್ಕೂಲಿನ ಹುಡುಗರೆಲ್ಲ ಮೆಟ್ಟಿಲು ಕಂಡಲ್ಲಿ ಇವರ ಥರ ನಡೆದು ದಬದಬ ಬೀಳೋಕೆ ಶುರು ಮಾಡಿದ್ರು. ಇವರು ಕ್ಯಾಬಿನ್ನಿನ ಬಾಗಿಲಿಗೆ ಬಂದು, ‘ಆ ತುಂಡು ಇರ್ಬೇಕು, ಇಲ್ಲಾ ನಾನಿರ್ಬೇಕು’ ಅಂದ್ರು. ವಯಸ್ಸು ಚಿಕ್ಕದು, ಬುದ್ಧಿ ಇರ್ಲಿಲ್ಲ. ಆ ತುಂಡನ್ನ ತೆಗೆದೆ, ಇವರನ್ನ ಇಟ್ಕೊಂಡೆ.”

ಕ್ಷೌರಿಕ ಕೆಮ್ಮಿದ. ಅರ್ಧ ಬೀದಿ ಕೆಮ್ಮಿತು.

“ಆ ತುಂಡು ಈಗ ಎಲ್ಲಿದೆಯಮ್ಮಾ?” ಎಂದ ಅಧಿಕಾರಿ.

“ಒಲೆಗೆ ಹೋಯ್ತು. ಇವರೇ ಎದುರಿಗೆ ನಿಂತು ಹಾಕಿಸಿದ್ರು.”

ಅಧಿಕಾರಿ ಹಿಂದೆ ಮುಂದೆ ನೋಡದೆ ಹತ್ತಿರವಿದ್ದ ಕುರ್ಚಿಯ ಮೇಲೆ ಕುಸಿದ. ಆ ಮನೆಯಲ್ಲಿ ಹಿಂದೆ ಮುಂದೆ ನೋಡದೆ ಕೂರಬಾರದೆಂದು ಅವನಿಗೆ ಯಾರು ಹೇಳಬೇಕಿತ್ತು? ಬೀರುವಿನಂಥ ಮನುಷ್ಯ ತಳವಿಲ್ಲದ ಚೌಕಟ್ಟಿನೊಳಗೆ ಸೊಂಟದವರೆಗೆ ಇಳಿದು ಮಡಿಸಿಕೊಂಡ. ಮಂಡಿಗಳು ಕಿವಿಗೆ ಬಂದವು. ಭೂತಗನ್ನಡಿ ಇನ್ನೂ ಕಣ್ಣಿಗೇ ಒತ್ತಿತ್ತು. ಅದರೊಳಗಿಂದ ಒಂದು ದೊಡ್ಡ ಕಣ್ಣು ಎಲ್ಲರನ್ನೂ ಪಿಳಿಪಿಳಿ ನೋಡಿತು.

ಅತ್ತೆಗೆ ನಗು ತಡೆಯಲಾಗಲಿಲ್ಲ. “ಇದೇ! ಇದೇ ಸ್ವಾಮಿ, ಸಿನಿಮಾದ ಮೇಷ್ಟ್ರು ಹೀಗೇ ಬಿದ್ದಿದ್ರು! ಆದ್ರೆ ಮೊದಲು ಟೋಪಿ ಬರುತ್ತೆ. ಟೋಪಿ ಒಂದೊಂದೇ ಮೆಟ್ಟಿಲು ಇಳಿದು ಬಂದು ಕೆಳಗೆ ನಿಂತು ಮೇಷ್ಟ್ರಿಗೆ ಕಾಯುತ್ತೆ. ಮೇಷ್ಟ್ರು ದಬದಬ ಅಂತ ಬರೋದು ಕಂಡು ಪಾಪ, ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತೆ. ಮೇಷ್ಟ್ರು ಬಿದ್ದು, ಟೋಪಿಗೆ ಥ್ಯಾಂಕ್ಸ್ ಅಂತ ತಲೆ ಬಾಗಿಸ್ತಾರೆ. ಆಮೇಲೆ...”

ಆಮೇಲಿನದು ಯಾರಿಗೂ ಕೇಳಿಸಲಿಲ್ಲ. ಹೊಸಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಅರ್ಧ ಮೀಸೆಯ ಗುಮಾಸ್ತ ಕ್ಷೌರಿಕನನ್ನೇ ತಬ್ಬಿಕೊಂಡು ನಗುತ್ತಿದ್ದ. ಅಳಿಯ ಕಣ್ಣೊರೆಸಿಕೊಂಡ, ನಗುವೋ ಅಳುವೋ ಅವನಿಗೇ ತಿಳಿಯಲಿಲ್ಲ.

“ಟೋಪಿ ಪಕ್ಕಕ್ಕೆ ಸರಿಯಿತಾ?” ಕುರ್ಚಿಯೊಳಗಿನಿಂದ ಅಧಿಕಾರಿಯ ಮುಖ ಅರಳಿತು. “ಇದು ಯಾರಿಗೂ ಗೊತ್ತಿಲ್ಲ! ಅಮ್ಮಾ, ನೀವು ನನ್ನ ಜೊತೆ ಕಚೇರಿಗೆ ಬರ್ಬೇಕು. ಒಂದೊಂದು ಮೆಟ್ಟಿಲೂ ಹೇಳ್ಬೇಕು. ಚಿತ್ರ ಬರೆಸ್ತೀವಿ, ಮತ್ತೆ ಮಾಡಿಸ್ತೀವಿ.”

“ಅವಳು ಯಾಕೆ?” ಎಂದರು ಹೆಡ್ಮಾಸ್ತರು. “ನಾನೂ ನೋಡಿದ್ದೀನಿ. ಅವಳು ಹೇಳಿದ್ರೆ ಹಿಂದೆ ಮುಂದೆ ಆಗುತ್ತೆ. ನಾನು ಕ್ರಮವಾಗಿ ಹೇಳ್ತೀನಿ, ಬರ್ಕೊಳ್ಳಿ. ಮೊದಲನೇದು, ಮೆಟ್ಟಿಲು. ಮೆಟ್ಟಿಲು ಎಂದರೇನು? ಮೇಲೆ ಹತ್ತಲು ಮನುಷ್ಯ ಮಾಡಿಕೊಂಡ ಸಾಧನ. ಅದನ್ನ ಬೀಳೋಕೆ ಬಳಸಿದವನು ತಪ್ಪು ಮಾಡಿದ. ಇದೇ ಈ ದೃಶ್ಯದ ನೀತಿ.”

ಅತ್ತೆ ಒಳಗೆ ಹೋದರು. ಬೇರೆ ಬಟ್ಟೆ ಉಟ್ಟು, ಚಪ್ಪಲಿ ಮೆಟ್ಟಿ ಬಂದರು. “ಗಾಡಿ ಎಲ್ಲಿ ನಿಲ್ಲಿಸಿದ್ದೀರಿ?” ಎಂದು ಅಧಿಕಾರಿಯನ್ನು ಕೇಳಿದರು.

ಅಧಿಕಾರಿ ಎದ್ದ. ಕುರ್ಚಿಯೂ ಎದ್ದಿತು. ಕ್ಷೌರಿಕ ಒಂದು ಕಡೆ, ಸ್ಟುಡಿಯೋದವನು ಒಂದು ಕಡೆ ಹಿಡಿದು ಎಳೆದರು. ಆದರೆ ಇಬ್ಬರೂ ಎಡಗೈಯನ್ನು ಜೇಬಿನಿಂದ ಆಚೆ ತೆಗೆಯಲು ಒಪ್ಪಲಿಲ್ಲ. ಬರೀ ಬಲಗೈಯಲ್ಲಿ ಎಳೆದದ್ದಕ್ಕೆ ಅಧಿಕಾರಿ ಬುಗುರಿಯಂತೆ ಒಂದು ಸುತ್ತು ತಿರುಗಿದನೇ ಹೊರತು ಕುರ್ಚಿ ಬರಲಿಲ್ಲ. ಕೊನೆಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟ. ಅತ್ತೆ ಡಬ್ಬಗಳನ್ನು ಒಂದೊಂದಾಗಿ ಗಾಡಿಗೆ ಹೇರಿದರು. ಒಂದನ್ನೂ ಯಾರ ಕೈಗೂ ಕೊಡಲಿಲ್ಲ.

“ಸಾರ್, ಅದು ಗಿರಾಕಿ ಕುರ್ಚಿ!” ಎಂದು ಅಳಿಯ ಬಾಗಿಲವರೆಗೆ ಓಡಿದ. ಆಮೇಲೆ ದನಿ ತಗ್ಗಿಸಿ, “ಅತ್ತೆ... ಯಾವಾಗ ವಾಪಸ್ಸು?” ಎಂದ.

“ಮೇಷ್ಟ್ರು ಬಿದ್ದು ಮುಗಿದ ಮೇಲೆ,” ಎಂದರು ಅತ್ತೆ, ಮತ್ತು ಗಾಡಿಯ ಬಾಗಿಲು ಹಾಕಿಕೊಂಡರು.

ಒಳಗೆ ಹೆಡ್ಮಾಸ್ತರು ಟೋಪಿಯ ವಿಭಾಗಕ್ಕೆ ಬಂದಿದ್ದರು. ಟೋಪಿಯ ಬಣ್ಣ, ಟೋಪಿಯ ಉಪಯೋಗ, ಟೋಪಿ ಧರಿಸುವವರು ಪಾಲಿಸಬೇಕಾದ ಶಿಸ್ತು. ಗೋಡೆಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿಕೊಂಡು, ಸಂಜೆಯವರೆಗೂ ಹೇಳಿದರು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ತಿರುಗಿದಾಗ ನಡುಮನೆಯಲ್ಲಿ ತಳವಿಲ್ಲದ ಕುರ್ಚಿಗಳು ಸಾಲಾಗಿ ಕೂತಿದ್ದವು.

ಅತ್ತೆ ಆ ದಿನ ಬರಲಿಲ್ಲ. ಮರುವಾರವೂ ಬರಲಿಲ್ಲ. ಅಲ್ಲಿ ಮೇಷ್ಟ್ರು ಇನ್ನೂ ಬೀಳುತ್ತಲೇ ಇರಬೇಕು. ಅತ್ತೆ ಬರಲೇ ಇಲ್ಲ.